ಅಪ್ಪನ ಹಗ್ಗ ಹರಿದಿಲ್ಲ

ತ್ರಿಯೆಸ್ತೆ,
ಶುಕ್ರವಾರ, ಗಾಳಿ ಎದ್ದು ನಾಲ್ಕನೆಯ ದಿನ

ಲೀವಿಯೋ,

ಹೆಸರಿನ ಹಿಂದೆ 'ಪ್ರೀತಿಯ' ಎಂದು ಹಾಕಲು ಕೈ ಬರಲಿಲ್ಲ. ತಮ್ಮ ಎನ್ನುವುದನ್ನು ಅಳಿಸಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ಕಾಗದ ಬಂತು. ಎಷ್ಟು ಅಚ್ಚುಕಟ್ಟಾಗಿ ಟೈಪು ಮಾಡಿಸಿದ್ದೀಯ! 'ಹಗ್ಗ ಹಳೆಯದಾಗಿತ್ತು, ಬೋರಾ ಗಾಳಿಯ ರಭಸಕ್ಕೆ ಹರಿಯಿತು, ಕಣ್ಣಾರೆ ಕಂಡೆ' ಎಂದು ನಾನು ಸಹಿ ಹಾಕಬೇಕು. ಹಾಕಿದರೆ ನಿನ್ನ ಗೈಡ್ ಲೈಸೆನ್ಸ್ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಕೆಳಗೆ ಪೆನ್ಸಿಲ್ಲಿನಲ್ಲಿ 'ಅಕ್ಕಾ, ಒಂದು ಸಹಿ ತಾನೇ' ಎಂದು ಬೇರೆ ಗೀಚಿದ್ದೀಯ.

ಬಿಸಿಲಿನಲ್ಲಿ ಊರು ತೋರಿಸುವುದು ಎಂಥವರಿಗೂ ಬರುತ್ತದೆ. ನಿನ್ನದು ಗಾಳಿಯ ವ್ಯಾಪಾರ. ಊರಿನವರೆಲ್ಲ ಕಿಟಕಿ ಭದ್ರಮಾಡಿಕೊಂಡು ಬಿಸಿಬಿಸಿ ಯೋತಾ ಸಾರು ಕುಡಿಯುವ ದಿನವೇ ನೀನು ಕೆಂಪು ಟೋಪಿ ಹಾಕಿಕೊಂಡು ಪರದೇಶದವರನ್ನು ಬೀದಿಗೆ ಎಳೆದು ತರುತ್ತೀಯ. "ಬನ್ನಿ ಬನ್ನಿ, ಇಂಥಾ ಗಾಳಿ ನಿಮ್ಮೂರಲ್ಲೆಲ್ಲಿ ಸಿಗುತ್ತೆ? ಬಿದ್ದೋರಿಗೆ ಕಾಫಿ ನನ್ನ ಕಡೆಯಿಂದ!" ಆ ಟೋಪಿಯ ದಾರವನ್ನು ಗಲ್ಲದ ಕೆಳಗೆ ಬಿಗಿಯಾಗಿ ಕಟ್ಟಿಕೊಳ್ಳಲು ಮಾತ್ರ ನೀನು ಒಂದು ದಿನವೂ ಮರೆತವನಲ್ಲ.

ನಮ್ಮೂರಿನವರಿಗೆ ಈ ಗಾಳಿಯ ಮೇಲೆ ಎಂಥದೋ ಜಂಬ. ಹೊರಗಿನವರು ಬಿದ್ದರೆ ನಗು. ನಾನೇನು ಕಡಿಮೆಯಿರಲಿಲ್ಲ, ಚಿಕ್ಕಂದಿನಲ್ಲಿ ಬ್ರೆಡ್ ಅಂಗಡಿಯ ಮೂಲೆಯಲ್ಲಿ ನಿಂತು ಯಾರ ಟೋಪಿ ಹಾರುತ್ತದೆಂದು ಇಬ್ಬರೂ ಕಾಯುತ್ತಿದ್ದೆವು. ಅಪ್ಪ ನಗುತ್ತಿರಲಿಲ್ಲ. ಗಾಳಿ ಎದ್ದ ಕೂಡಲೇ ಮೂಲೆಮೂಲೆಗೆ ಹಗ್ಗ ಕಟ್ಟುವುದು, ಜನ ಹಿಡಿದುಕೊಂಡು ನಡೆಯಲಿ ಎಂದು, ನಗರಸಭೆಯಲ್ಲಿ ಅವನ ಕೆಲಸ. ಕಟ್ಟಿದ ಮೇಲೆ ತಾನೇ ಒಮ್ಮೆ ಜೋತುಬಿದ್ದು ನೋಡುತ್ತಿದ್ದ. "ಇದನ್ನ ಹಿಡ್ಕೊಳ್ಳೋಳು ನಿಮ್ಮಮ್ಮ ಅಂದ್ಕೊಂಡು ಕಟ್ಬೇಕು" ಅನ್ನುತ್ತಿದ್ದ. ಗಂಟು ಕಲಿಸಲು ಕರೆದರೆ ನೀನು ಚೆಂಡಾಡಲು ಓಡುತ್ತಿದ್ದೆ. ಕಲಿತವಳು ನಾನು.

ಈಗ ನಗರಸಭೆಯವರು ಬ್ರೆಡ್ ಅಂಗಡಿಯ ಆ ಮೂಲೆಗೆ ಹಗ್ಗ ಕಟ್ಟುವುದಿಲ್ಲ. ನೀನು ಅಪ್ಪನ ಹಗ್ಗವನ್ನು ಅಟ್ಟದಿಂದ ಇಳಿಸಿ ನಾಟಕದ ಸಾಮಾನು ಮಾಡಿಕೊಂಡೆ. ಬಿಗಿದರೆ ಹಗ್ಗ ಕುಣಿಯುವುದಿಲ್ಲ, ಕುಣಿಯದಿದ್ದರೆ ಫೋಟೋ ಸೊಗಸಾಗಿ ಬರುವುದಿಲ್ಲ, ಅಲ್ಲವೆ? ಮಂಗಳವಾರ ನಾನು ಎದುರಿನ ಕಾಫಿ ಅಂಗಡಿಯಲ್ಲಿದ್ದೆ. ನೀನು ಬೂಟಿನ ಲೇಸಿನ ಹಾಗೆ ಕಟ್ಟಿದ್ದನ್ನು ನೋಡಿ ಬಾಗಿಲು ತೆಗೆದು ಕಿರುಚಿದೆ, "ಏ ಲೀವಿಯೋ, ಅದು ನಿಲ್ಲಲ್ಲ ಕಣೋ!"

"ಅಕ್ಕಾ, ಇದು ಬರೀ ಶೋ! ಯಾರು ಜೋತುಬೀಳ್ತಾರೆ?" ಅಂದು ನೀನು ಕೈ ಬೀಸಿದೆ.

ರೋಸ್ವಿತಾ ಜೋತುಬಿದ್ದಳು. ಆಸ್ಟ್ರಿಯಾದಿಂದ ಬಂದ ಎಪ್ಪತ್ತನಾಲ್ಕರ ಹೆಂಗಸು. ಹಗ್ಗ ಕಟ್ಟಿರುವುದು ಹಿಡಿದುಕೊಳ್ಳುವುದಕ್ಕೇ ಎಂದು ನಂಬಿದಳು. ಗಂಟು ಬಿಚ್ಚಿತು, ಆಕೆಯ ಸೊಂಟದ ಮೂಳೆ ಮುರಿಯಿತು. ನಾನು ಓಡಿ ಬಂದಾಗ ನೀನು ಆಕೆಯ ಕೈ ಹಿಡಿದಿರಲಿಲ್ಲ, ಲೀವಿಯೋ. ಅವಸರ ಅವಸರವಾಗಿ ಹಗ್ಗ ಸುತ್ತುತ್ತಿದ್ದೆ. ನಾನು ಅದನ್ನು ನಿನ್ನ ಕೈಯಿಂದ ಕಿತ್ತುಕೊಂಡದ್ದು ಆಗಲೇ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಆಕೆ ನನ್ನ ಕೈ ಸವರಿ ಹೇಳಿದಳು, "ನಿಮ್ಮಪ್ಪನ ಹಗ್ಗ ತುಂಬಾ ಹಳೇದಾಗಿತ್ತಂತೆ, ನಿಮ್ ತಮ್ಮ ಹೇಳ್ದ. ಅವರ ಮೇಲೆ ನಂಗೇನೂ ಬೇಜಾರಿಲ್ಲಮ್ಮ." ಸತ್ತು ಹನ್ನೊಂದು ವರ್ಷವಾದ ಅಪ್ಪನನ್ನು ಆಕೆ ಕ್ಷಮಿಸುತ್ತಿದ್ದಾಳೆ! ಬದುಕಿದ್ದಾಗ ಒಬ್ಬರನ್ನೂ ಬೀಳಲು ಬಿಡದವನನ್ನು! ನಿನ್ನ ಮೇಲೆ ನನಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ಹೇಸಿಗೆ. ಆಕೆಗೆ ಇದ್ದದ್ದು ಇದ್ದ ಹಾಗೆ ಹೇಳಿ ಎದ್ದು ಬಂದೆ.

ನಿನ್ನ ಕಾಗದ ಸಹಿಯಿಲ್ಲದೆ ಇದರ ಜೊತೆಗಿದೆ. ಹಗ್ಗವನ್ನು ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡು ಮೊಳ ಮೊಳ ನೋಡಿದೆ. ಒಂದು ಎಳೆಯೂ ಹರಿದಿಲ್ಲ. ಬರುವ ಗುರುವಾರ ನಿನ್ನ ಲೈಸೆನ್ಸಿನ ವಿಚಾರಣೆಗೆ ಅದನ್ನೇ ತರುತ್ತೇನೆ. ಎಲ್ಲರೆದುರು ಅಪ್ಪನ ಗಂಟು ಹಾಕಿ ನಾನು ಜೋತುಬೀಳುತ್ತೇನೆ. ಆಮೇಲೆ ನೀನು ನಿನ್ನ ಗಂಟು ಹಾಕು. ಹಾಕಿ, ನೀನೇ ಜೋತುಬೀಳು.

ಗಾಳಿಯಿಂದ ನಿನ್ನನ್ನು ದೇವರು ಕಾಯಲಿ. ಊರಿಗೆ ಬಂದವರನ್ನು ನಿನ್ನಿಂದ ನಾನು ಕಾಯುತ್ತೇನೆ.

ನಿನ್ನ ಅಕ್ಕ,
ನೆರೀನಾ