ಒತ್ತಿದವರು ಯಾರು

ಮನೆ, ಊಟದ ಮೇಜು
೧೬ ನವೆಂಬರ್, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

"ಬರಿದಾದ ಮನೆಗೆ ಕಳ್ಳನ ಭಯವಿಲ್ಲ" ಅಂತ ಕಾಲೇಜಿನ ದಿನಗಳಲ್ಲಿ ನೀನೊಂದು ಸಾಲು ಹೇಳುತ್ತಿದ್ದೆ. ಬರಿದಾದ ಮನೆಯೋ, ತೆರೆದಿಟ್ಟ ಮನೆಯೋ? ಮೂರು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಯಾವುದಾದರೂ ಆಗಲಿ, ಸಾಲು ಸುಳ್ಳು. ನಮ್ಮಲ್ಲಿ ಕದಿಯುವಂಥದ್ದೇನೂ ಇರಲಿಲ್ಲ, ಆದರೂ ನುಗ್ಗಿದ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ಬೆನ್ನುನೋವು ಹೇಗಿದೆ? ಈಗಲೂ ಆ ಎತ್ತರದ ಕುರ್ಚಿಯಲ್ಲೇ ಕೂರುತ್ತೀಯಾ? ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಈಗ ಬೆನ್ನು ವಿಚಾರಿಸುತ್ತಾಳೆ ಎಂದು ಮೂಗು ಮುರಿಯಬೇಡ. ಅಮ್ಮನ ಪುಸ್ತಕಗಳನ್ನು ನಿನ್ನನ್ನು ಒಂದು ಮಾತೂ ಕೇಳದೆ ಲೈಬ್ರರಿಗೆ ಕೊಟ್ಟದ್ದು ನನ್ನದೇ ತಪ್ಪು. ಇದನ್ನು ಕಾಗದದಲ್ಲಿ ಬರೆಯಬೇಕಾಗಿ ಬಂತು, ಏಕೆಂದರೆ ನಮ್ಮ ಮನೆಯ ಮೇಲ್ ಅನ್ನು ಸದ್ಯಕ್ಕೆ ಯಾರೂ ನಂಬುವ ಹಾಗಿಲ್ಲ.

ನಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕು ಹನ್ನೆರಡು ದಿನವಾಯಿತು. ಮೊದಲು ಆಮೆಯ ಹಾಗೆ ತೆವಳಿತು. ಆಮೇಲೆ ಏನು ತೆರೆದರೂ ಅದರ ಮೇಲೊಂದು ಕೆಂಪು ಚೌಕ ಎದ್ದು, ನಿಮ್ಮ ಯಂತ್ರ ಅಪಾಯದಲ್ಲಿದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ ಎಂದು ಬೊಬ್ಬೆ ಹಾಕತೊಡಗಿತು. ಕಳ್ಳನೇ ಕಾವಲುಗಾರನ ಟೊಪ್ಪಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತ ಹಾಗೆ. ಇಂಟರ್ನೆಟ್ಟಿನ ತಂತಿ ಕಿತ್ತೆ. ಸ್ಕ್ಯಾನಿಗೆ ಹಾಕಿದೆ. ಅದು ನೂರಕ್ಕೆ ಅರವತ್ತೊಂದರಲ್ಲಿ ನಿಂತಿತು. ಎರಡು ಬಕೆಟ್ ಬಟ್ಟೆ ಒಗೆದು ಒಣಹಾಕಿ ಬಂದರೂ ಅರವತ್ತೊಂದೇ. ಕೊನೆಗೂ ಮುಗಿದು, ಹದಿನೇಳು ಸಿಕ್ಕವು, ಅಳಿಸಿದೆ ಎಂದಿತು. ಉಸ್ಸಪ್ಪಾ ಎಂದು ಆಫ್ ಮಾಡಿ ಆನ್ ಮಾಡಿದರೆ ಅದೇ ಕೆಂಪು ಚೌಕ, ಅದೇ ಬೊಬ್ಬೆ. ಹೀಗೆ ನಾಲ್ಕು ಸಲ. ಐದನೆಯ ಸಲ ನಾನು ಅದಕ್ಕಿಂತ ಜೋರಾಗಿ ಬೊಬ್ಬೆ ಹಾಕಿದೆ.

ರಿಪೇರಿಯಾಕೆಯನ್ನು ಕರೆಸಿದೆವು. ಸ್ಕ್ರೂಡ್ರೈವರನ್ನು ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡುವ ಗಟ್ಟಿಗಿತ್ತಿ. ಪೂರ್ತಿ ಅಳಿಸಿ ಹೊಸದಾಗಿ ಹಾಕದೆ ಗತಿಯಿಲ್ಲ ಎಂದಳು. ಬೇಕಾದ ಕಡತಗಳನ್ನು ಒಂದೊಂದಾಗಿ ಪರೀಕ್ಷಿಸಿ ಪೆನ್‌ಡ್ರೈವಿಗೆ ಇಳಿಸಿ, ಉಳಿದದ್ದನ್ನೆಲ್ಲ ಗುಡಿಸಿ ಹಾಕಿದಳು. ಈಗ ಯಂತ್ರ ಓಡುತ್ತಿದೆ. ಆದರೆ ಪ್ರಿಂಟರ್ ಅದರ ಗುರುತೇ ಇಲ್ಲ ಎನ್ನುತ್ತದೆ. ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದೆ, ಬದಲಿಸಿದ್ದನ್ನು ಮರೆತೆ. ಇಪ್ಪತ್ತು ವರ್ಷದಿಂದ ಕವಿತೆಗಳ ಬಗ್ಗೆ ಬರೆದಿಟ್ಟ ಟಿಪ್ಪಣಿ ತೆರೆದರೆ ಒಂದಕ್ಷರ ಕನ್ನಡವಿಲ್ಲ, ಬರೀ ನಕ್ಷತ್ರ, ಕಂಸ, ಪ್ರಶ್ನೆಚಿಹ್ನೆ. ಹಳೆಯ ಫಾಂಟ್ ಅಳಿಸಿಹೋಗಿದೆಯಂತೆ. ಎರಡು ದಿನ ಹುಡುಕಿ ತಂದು ಹಾಕಿದೆ. ಅಕ್ಷರಗಳು ಮರಳಿದವು, ಒತ್ತಕ್ಷರಗಳು ಮಾತ್ರ ಇನ್ನೂ ಮುನಿಸಿಕೊಂಡು ಎಲ್ಲೆಲ್ಲೋ ನೇತಾಡುತ್ತಿವೆ. ಒಂದು ಸಾಲು ಸರಿಮಾಡುವಷ್ಟರಲ್ಲಿ ಕವಿತೆಯ ಮೇಲೇ ಸಿಟ್ಟು ಬರುತ್ತದೆ.

ಇಷ್ಟನ್ನು ಹೇಗೋ ಸಹಿಸಿಕೊಂಡೇನು. ಆದರೆ ಆಕೆ ಹೊರಡುವಾಗ ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದು, "ವೈರಸ್ಸು ತಾನಾಗಿ ಬರಲ್ಲ ಮೇಡಂ, ಯಾರೋ ಒಳಗಿಂದ ಬಾ ಅಂದಿರ್ತಾರೆ. ಯಾವುದೋ ಮೇಲ್‌ನಲ್ಲಿ ಬಂದಿದ್ದನ್ನ ಒತ್ತಿರ್ತೀರಿ" ಎಂದುಬಿಟ್ಟಳು. ನಿನ್ನ ಭಾವ ತಟ್ಟನೆ ತಮ್ಮಪ್ಪನ ಕಡೆ ತಿರುಗಿದರು. ದಿನಾ ಬೆಳಿಗ್ಗೆ ಕಂಪ್ಯೂಟರಿನ ಜೊತೆ ಚೆಸ್ ಆಡಿ ಸೋಲುವುದು ಮಾವ ಒಬ್ಬರೇ ತಾನೆ? "ಅಪ್ಪಾ, ಸಿಕ್ಕಿದ್ದನ್ನೆಲ್ಲ ಒತ್ತಬೇಡಿ ಅಂತ ಎಷ್ಟು ಸಲ ಹೇಳೋದು?" ನಾನು ಅಲ್ಲೇ, ಕೈಯಲ್ಲಿ ಪೆನ್‌ಡ್ರೈವ್ ಹಿಡಿದುಕೊಂಡು ನಿಂತಿದ್ದೆ.

ಒತ್ತಿದ್ದು ನಾನು, ಗುಬ್ಬಿ. ನಿನ್ನ ಹೆಸರಿನಲ್ಲಿ ಒಂದು ಮೇಲ್ ಬಂದಿತ್ತು. ಒಂದೇ ಸಾಲು: "ಈ ಫೋಟೋಗಳನ್ನು ನೋಡು." ಅಕ್ಕಾ ಎಂದು ಕೂಡ ಇರಲಿಲ್ಲ. ಇವಳ ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ಬರೆದಿದ್ದಾಳಲ್ಲ ಎಂದುಕೊಂಡೆ. ಹೆಸರು ನಿನ್ನದು, ವಿಳಾಸ ಯಾರದೋ. ಅದನ್ನು ನೋಡುವಷ್ಟು ವ್ಯವಧಾನ ಯಾರಿಗಿತ್ತು? ಫೋಟೋ ತೆರೆಯಲಿಲ್ಲವೆಂದು ಮೂರು ಸಲ ಒತ್ತಿದೆ. ಈಗ ಇದನ್ನು ಹೇಳಿದರೆ ನಿನ್ನ ಭಾವ, "ಅವಳ ಕಾಗದಕ್ಕೆ ಇನ್ನೂ ಕಾಯ್ತಾ ಇದ್ದೀಯಾ?" ಎನ್ನುತ್ತಾರೆ. ಆ ಪ್ರಶ್ನೆಗೆ ಹೆದರಿ ಸುಮ್ಮನಿದ್ದೆ. ಒಂದು ನಿಮಿಷ ಸುಮ್ಮನಿದ್ದದ್ದು ಒಂದು ದಿನವಾಯಿತು, ದಿನ ಐದಾದವು.

ಮಾವನದು ನಿನಗೆ ಗೊತ್ತಲ್ಲ, ನಲವತ್ತು ವರ್ಷ ಛಾಪಖಾನೆಯಲ್ಲಿ ಕರಡಚ್ಚು ತಿದ್ದಿದ ಕಣ್ಣು. ಕಂಪ್ಯೂಟರಿನ ಮುಂದೆ ಕೂತು ಎದ್ದದ್ದಕ್ಕೂ ಒಂದು ಚಿಕ್ಕ ಪುಸ್ತಕದಲ್ಲಿ ಪೆನ್ಸಿಲಿನಿಂದ ಲೆಕ್ಕ ಬರೆಯುತ್ತಾರೆ. ಮಗ ಹಾಗೆ ಅಂದಾಗ ಅವರು ವಾದ ಮಾಡಲಿಲ್ಲ. "ಒತ್ತಿರಬೇಕಪ್ಪಾ, ನೆನಪಿಲ್ಲ" ಎಂದರು. ಅಂದಿನಿಂದ ಆ ಕುರ್ಚಿಯ ಹತ್ತಿರ ಸುಳಿದಿಲ್ಲ. ಬೆಳಿಗ್ಗೆ ಕಿಟಕಿಯ ಬಳಿ ಕೈಕಟ್ಟಿ ಕೂರುತ್ತಾರೆ. ಒಲೆ ಆರಿದೆಯಾ ಎಂದು ಎರಡೆರಡು ಸಲ ಎದ್ದು ನೋಡುತ್ತಾರೆ. ನಿನ್ನೆ ಮೇಜು ಒರೆಸುವಾಗ ಆ ಪುಸ್ತಕ ಕಣ್ಣಿಗೆ ಬಿತ್ತು. ನಾಲ್ಕನೆಯ ತಾರೀಕು, ವೈರಸ್ ಹೊಕ್ಕ ದಿನ: "೯.೧೦ ಆನ್. ಚೆಸ್. ಸೋಲು. ೯.೫೦ ಆಫ್." ಅಷ್ಟೇ ಇದ್ದದ್ದು, ಅಷ್ಟೇ ನಿಜ. ಆದರೆ ಸೋಲು, ಆಫ್ ಇವುಗಳ ನಡುವೆ, ಬಿಟ್ಟುಹೋದ ಪದ ಸೇರಿಸುವ ಗುರುತು ಹಾಕಿ, ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದಿದ್ದಾರೆ: "ಏನೋ ಒತ್ತಿದೆ." ಜೀವಮಾನದಲ್ಲಿ ಮೊದಲ ಸಲ, ಸರಿಯಿದ್ದುದನ್ನು ತಿದ್ದಿ ತಪ್ಪು ಮಾಡಿದ್ದಾರೆ. ನಾನು ಬಾಯಿ ಬಿಡದೆ ನಿಂತದ್ದನ್ನು ನಂಬಿ.

ಸಂಜೆ ಚಹಾ ಆದಮೇಲೆ ಇಬ್ಬರನ್ನೂ ಕೂರಿಸಿ ಹೇಳಬೇಕೆಂದಿದ್ದೇನೆ. ನಿನ್ನೆಯೂ ಹಾಗೇ ಅಂದುಕೊಂಡಿದ್ದೆ. ನನ್ನ ಹೆಸರಿನಲ್ಲಿ ನಿನಗೇನಾದರೂ ಬಂದಿದ್ದರೆ ತೆರೆಯಬೇಡ, ಅದು ನಾನಲ್ಲ. ಈ ಕೆಟ್ಟ ಕೈಬರಹ ನಾನು. ಬೆನ್ನಿಗೊಂದು ದಿಂಬು ಕೊಟ್ಟುಕೊಂಡು ಕೂರು, ಹೊತ್ತಿಗೆ ಸರಿಯಾಗಿ ಉಣ್ಣು. ಬೈಯುವುದಿದ್ದರೂ ಸರಿ, ಎರಡು ಸಾಲು ಬರೆ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು, ಹರಿದು ಬರೆಯುತ್ತಿದ್ದೇನೆ. ಈಗ ಎದುರುಮನೆಯ ನರ್ಸಮ್ಮ ಬಂದಿದ್ದರು, ಮಾವನನ್ನು ಕೇಳಿಕೊಂಡು. ಮಲಗಿದ್ದಾರೆ ಎಂದೆ. ಚಹಾದವರೆಗೆ ಕಾಯುವುದಿಲ್ಲ, ಈಗಲೇ ಹೋಗಿ ಎಬ್ಬಿಸಿ ಹೇಳುತ್ತೇನೆ. ಆಕೆ ಬಾಗಿಲಲ್ಲಿ ನಿಂತೇ ಹೇಳಿದ್ದು ಇಷ್ಟು: "ಹಾಗಾದ್ರೆ ನೀವೇ ಹೇಳಿಬಿಡಿ, ಮರೆವಿನ ಡಾಕ್ಟರು ನಾಳೆ ಹನ್ನೊಂದಕ್ಕೆ ಬರೋಕೆ ಹೇಳಿದಾರೆ. ನಿಮ್ಮ ಮಾವ ಒಬ್ಬರೇ ಹೋಗ್ತಾರಂತೆ. ಅಯ್ಯೋ, ಮನೇಲಿ ಯಾರಿಗೂ ಹೇಳಬೇಡಿ ಅಂತ ಕೈಮುಗಿದಿದ್ರು ಕಣ್ರೀ!"