ಹುಣಸೆಮರದ ಬಾಣಂತಿಯರು

ಗೌರಿಬಿದನೂರು
ಬುಧವಾರ, 11-2-2004

ಅಕ್ಕನಿಗೆ ನಮಸ್ಕಾರ. ಚಿಂತಾಮಣಿ ಬಿಟ್ಟ ಮೇಲೆ ಕೆಮ್ಮು ನಿಂತಿದೆ.

ಹುಣಸೆಹಣ್ಣು ಕೊಳ್ಳಲು ಹೋದ ಹಳ್ಳಿಯಲ್ಲಿ ಮರದ ತುಂಬ ಬಣ್ಣದ ಕೊಕ್ಕರೆಗಳು! ಹಣ್ಣಿನ ಅಂದಾಜು ಹಾಕಲು ಕತ್ತೆತ್ತಿದವನು ಗೂಡು ಎಣಿಸುತ್ತ ನಿಂತೆ; ಒಂದೇ ಮರದಲ್ಲಿ ಇಪ್ಪತ್ತಮೂರು. ಮರದೊಡತಿ ಓಬಳಮ್ಮ ಹಣ್ಣು ಬಡಿಯಲು ನನ್ನ ಆಳುಗಳಿಗೆ ಕೋಲೆತ್ತಗೊಡಲಿಲ್ಲ.

"ಬಾಣಂತೀರು ಇರೋ ಮನೆ ಮೇಲೆ ಯಾರಾನಾ ದೊಣ್ಣೆ ಬೀಸ್ತಾರೇನಪ್ಪಾ? ಮರಿ ಹಾರಿದ ಮ್ಯಾಲೆ ಬಾ."

"ಅಷ್ಟೊತ್ತಿಗೆ ಹಣ್ಣೆಲ್ಲಾ ಉದುರೋಗ್ತದಲ್ಲಮ್ಮಾ."

"ಉದುರಿದ್ದು ಆಯ್ಕೋ. ಸೊಂಟ ಬಗ್ಗಲ್ವಾ?"

ಬಗ್ಗಿದೆ. ಮೇಲಿನಿಂದ ಒಂದು ಕೊಕ್ಕರೆ ಹೊಸ ಅಂಗಿಯ ಬೆನ್ನಿಗೆಲ್ಲ ಸುಣ್ಣ ಹೊಡೆಯಿತು. ಓಬಳಮ್ಮ ನಕ್ಕು ನಕ್ಕು ಅಲ್ಲೇ ಕುಳಿತುಬಿಟ್ಟಳು.

ಆಗ ನಮ್ಮ ಜಗಲಿ ನೆನಪಾಯಿತು. ದೀಪದ ತಂತಿಗೆ ಸೂರಕ್ಕಿ ಕಟ್ಟಿದ ಗೂಡನ್ನು ಕಿತ್ತುಹಾಕಿಸೆಂದು ನಾನು, ಕೂಡದೆಂದು ನೀನು, ಹೊರಡುವ ದಿನ ಜಗಳವಾಡಿದೆವಲ್ಲ. ಸೋಮವಾರ ಸುಣ್ಣ ಬಳಿಯಲು ಬರುವ ಮುದ್ದಪ್ಪನನ್ನು ಬಾಗಿಲಿನಿಂದಲೇ ವಾಪಸು ಕಳಿಸು. ಅಷ್ಟರೊಳಗೆ ಈ ಕಾರ್ಡು ನಿನಗೆ ತಲುಪಲೆಂದು ಬಸ್ಸು ಹತ್ತಿ ಗೌರಿಬಿದನೂರಿಗೇ ಬಂದು ಡಬ್ಬಕ್ಕೆ ಹಾಕುತ್ತಿದ್ದೇನೆ. ಈ ಯುಗಾದಿಗೆ ಸುಣ್ಣ ಬಳಿಸಿಕೊಂಡವನು ನಾನೊಬ್ಬನೇ ಆಗಿರಲಿ.

ಜಾಗ ಮುಗಿಯಿತು.
ನಿನ್ನ ತಮ್ಮ,
ವೇಣು