ಕಿವಿಯಲ್ಲಿ ನಾಲ್ಕು ಸಾಲು

ಮಾರ್ಚ್ ಹನ್ನೊಂದು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ,

ವಂದನೆಗಳು. ಮೊಣಕಾಲು ನೋವು ಹೇಗಿದೆ? ಬರೆದು ತಿಂಗಳಾಯಿತು, ಬೈದುಕೊಂಡಿರುತ್ತೀರಿ. ಕೆಲಸ ಜಾಸ್ತಿ ಎಂದು ಸುಳ್ಳು ಹೇಳುವುದಿಲ್ಲ. ಬರೆಯಲು ಕೂತದ್ದನ್ನೆಲ್ಲ ಹರಿದು ಹಾಕಿದೆ. ಈಗಲೂ ಒಂದು ಸಾಲು ಬರೆಯುತ್ತೇನೆ, ಎದ್ದು ಕಿಟಕಿಯ ಹತ್ತಿರ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. ನಮ್ಮ ಆಸ್ಪತ್ರೆಯ ಪಾದ್ರಿಗಳು ನನ್ನ ವಿಷಯ ನಿಮಗೆ ಬರೆಯುತ್ತಾರಂತೆ. ಅವರ ಕಾಗದಕ್ಕಿಂತ ಮೊದಲು ನನ್ನದು ಮುಟ್ಟಲಿ ಎಂದು ಇವತ್ತು ಹಟ ಹಿಡಿದು ಕೂತಿದ್ದೇನೆ.

ಬಟ್ಟೆ ಕೋಣೆಯ ಅಕ್ಕನ ಬಗ್ಗೆ ಹಿಂದೆಯೇ ಬರೆದಿದ್ದೆ. ಮಿಷನ್ ಆಸ್ಪತ್ರೆಯ ಹಾಸು ಹೊದಿಕೆಗಳೆಲ್ಲ ಅವಳ ಕೈಯಲ್ಲಿ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ, ಭಾಷೆ ಬಾರದೆ ಬೆಪ್ಪಾಗಿ ನಿಂತಿದ್ದಾಗ, ಒಗೆದ ಚಾದರದ ಒಂದು ತುದಿ ನನ್ನ ಕೈಗೆ ಕೊಟ್ಟು ಮಡಿಸಲು ಕರೆದವಳು ಅವಳೇ. ಅವಳ ದೇವರು ಬೇರೆ, ಪ್ರಾರ್ಥನೆ ಬೇರೆ. ಅದಕ್ಕಾಗಿ ಜಗಳವಾಡಿದ್ದೇವೆ, ಮಾತು ಬಿಟ್ಟದ್ದೂ ಉಂಟು. ಆದರೆ ಅಷ್ಟು ದೊಡ್ಡ ಚಾದರವನ್ನು ಒಬ್ಬರೇ ಮಡಿಸುವುದು ಆಗದ ಮಾತು, ಹಾಗಾಗಿ ರಾಜಿಯಾಗಲೇಬೇಕಿತ್ತು.

ಕಳೆದ ತಿಂಗಳು ಅವಳ ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಗೊತ್ತಾಯಿತು. ಆಪರೇಷನ್ ನಮ್ಮಲ್ಲೇ, ಥಿಯೇಟರಿನಲ್ಲಿ ನಾನೇ ನರ್ಸ್. ಅರಿವಳಿಕೆ ಕೊಡುವ ಮುಂಚೆ ದೊಡ್ಡ ಡಾಕ್ಟರರು ರೋಗಿಯ ಕೈ ಹಿಡಿದು ಪ್ರಾರ್ಥನೆ ಮಾಡುವುದು ನಮ್ಮ ಪದ್ಧತಿ. ಕೇಳಿ ನೀವೂ ಮೆಚ್ಚಿದ್ದಿರಿ. ಅಕ್ಕ ಅದಕ್ಕೆ ಬೇಡವೆನ್ನಲಿಲ್ಲ. ಆದರೆ ಅವಳ ಮನೆಯಲ್ಲಿ, ಏಳುತ್ತೇವೋ ಇಲ್ಲವೋ ಎಂಬಂಥ ನಿದ್ದೆಗೆ ಹೋಗುವವರ ಕಿವಿಯಲ್ಲಿ ಸ್ವಂತದವರು ತಮ್ಮ ದೇವರ ನಾಲ್ಕು ಸಾಲು ಹೇಳಬೇಕಂತೆ. ಥಿಯೇಟರಿನೊಳಗೆ ಮನೆಯವರನ್ನು ಬಿಡುವುದಿಲ್ಲವಲ್ಲ.

"ಒಳಗೆ ನನ್ನೋರು ಅಂತ ಇರೋದು ನೀನೊಬ್ಳೇ. ನೀನೇ ಹೇಳ್ಬಿಡು," ಎಂದಳು.

ನೋಡೋಣ ಎಂದೆ. ಸಭೆಗೆ ಬೋಧಿಸುವ ಉಪದೇಶಿ ನೀವು, ನಿಮ್ಮ ಮಗಳು ಇನ್ನೇನು ಹೇಳಲಿ? ಆದರೂ ಚಾದರ ಮಡಿಸುತ್ತಾ ಆ ಸಾಲುಗಳನ್ನು ಕಲಿತೆ. ಮನೆಗೆ ಬಂದು ಪ್ರಾರ್ಥನೆಗೆ ಕೂತರೆ ನಡುನಡುವೆ ಅವೇ ನುಗ್ಗಿಬರುತ್ತಿದ್ದವು. ಹೆದರಿಕೆಯಾಗುತ್ತಿತ್ತು ಅಪ್ಪ.

ಆ ದಿನ ಡಾಕ್ಟರರ ಪ್ರಾರ್ಥನೆ ಮುಗಿದು ಎಲ್ಲರೂ ಆಮೆನ್ ಎಂದೆವು. ಅರಿವಳಿಕೆಯ ಮದ್ದು ಏರುತ್ತಿದ್ದಂತೆ ನಾನು ಬಗ್ಗಿ ಅಕ್ಕನ ಕಿವಿಯಲ್ಲಿ ಹೇಳಿಯೇಬಿಟ್ಟೆ. ಗುಟ್ಟಾಗಿ ಹೇಳಬೇಕೆಂದಿದ್ದೆ, ಆದರೆ ಗಂಟಲು ನಿಮ್ಮದು ತಾನೆ. ನಾಲ್ಕೂ ಸಾಲು ಥಿಯೇಟರಿಗೆಲ್ಲ ಕೇಳಿಸಿದವು. ನರ್ಸುಗಳ ಮುಖ್ಯಸ್ಥೆ ಮೇಟ್ರನ್ನರ ಮಾಸ್ಕಿನ ಮೇಲಿನ ಕಣ್ಣು ನೋಡಿಯೇ ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಈಗ ನನ್ನನ್ನು ಬಟ್ಟೆ ಕೋಣೆಗೆ ಹಾಕಿದ್ದಾರೆ. ತಿಂಗಳ ಕೊನೆಯೊಳಗೆ ಬೆಳಗಿನ ಆರಾಧನೆಯಲ್ಲಿ ಎಲ್ಲರೆದುರು ತಪ್ಪಾಯಿತು ಎಂದರೆ ಹಳೆಯ ಕೆಲಸ, ಇಲ್ಲದಿದ್ದರೆ ಊರಿಗೆ ಟಿಕೆಟ್. ಪಾದ್ರಿಗಳು ಕೆಟ್ಟವರಲ್ಲ. ಒಂದು ಮಾತು ತಾನೆ, ಹೇಳಿ ಮುಗಿಸಿಬಿಡಮ್ಮ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನಿಮ್ಮಿಂದಲೂ ಬುದ್ಧಿ ಹೇಳಿಸುತ್ತಾರಂತೆ.

ಅಕ್ಕ ವಾರ್ಡಿನಲ್ಲಿ ಚೇತರಿಸಿಕೊಳ್ಳುತ್ತಿದ್ದಾಳೆ. ಅವಳಿಗೆ ಈ ಗಲಾಟೆ ಯಾರೂ ತಿಳಿಸಿಲ್ಲ. ತನ್ನ ಬದಲಿಗೆ ನನ್ನನ್ನು ಹಾಕಿದ್ದಾರೆ ಎಂದುಕೊಂಡು, ಮಲಗಿದಲ್ಲಿಂದಲೇ ನಾನು ಮಡಿಸಿದ್ದರಲ್ಲಿ ಹುಳುಕು ಹುಡುಕುತ್ತಾಳೆ. ನಿನ್ನೆ ಧೈರ್ಯ ಮಾಡಿ ಕೇಳಿದೆ, ಆ ಸಾಲುಗಳನ್ನು ಸರಿಯಾಗಿ ಹೇಳಿದೆನಾ ಎಂದು.

"ನೀನು ಹೇಳಿದ್ಯಾ? ನಂಗೊಂದೂ ನೆನಪಿಲ್ವಲ್ಲೇ. ಡಾಕ್ಟರು ಪ್ರಾರ್ಥನೆ ಮಾಡಿದ್ದೇ ಕೊನೆ. ಚೆನ್ನಾಗಿತ್ತು ಕಣೇ ಅದು."

ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಅವಳೆದುರು ನಕ್ಕೆ, ಹೊರಗೆ ಬಂದು ಅತ್ತೆ. ಅವಳಿಗೆ ಕೇಳಿಸದಿದ್ದರೆ ನಾನು ಹೇಳಿದ್ದು ಯಾರಿಗೆ? ಇದೇ ತಲೆಯಲ್ಲಿ ಕೊರೆಯುತ್ತಿದೆ. ಕರ್ತನನ್ನು ನಾನು ಬಿಟ್ಟಿಲ್ಲ ಅಪ್ಪ. ಆಣೆ ಇಡಬಾರದು ಎಂದು ಕಲಿಸಿದ್ದೀರಿ, ಇಲ್ಲದಿದ್ದರೆ ಇಡುತ್ತಿದ್ದೆ. ಆದರೆ ತಪ್ಪಾಯಿತು ಎಂಬ ಮಾತು ಬಾಯಿಗೆ ಬರುತ್ತಿಲ್ಲ. ಹೇಳುವುದಿಲ್ಲ ಎಂದು ಪಾದ್ರಿಗಳಿಗೆ ನಾಳೆ ತಿಳಿಸುತ್ತೇನೆ. ಮಂಚದ ಕೆಳಗಿನ ಪೆಟ್ಟಿಗೆ ಎಳೆದಿಟ್ಟಾಗಿದೆ.

ಮೊಣಕಾಲಿಗೆ ದಿನಾ ಎಣ್ಣೆ ಹಚ್ಚಿಕೊಳ್ಳಿ, ಸೋಮಾರಿತನ ಬೇಡ. ಕರ್ತನು ನಿಮ್ಮನ್ನು ಕಾಯಲಿ. ನನಗಾಗಿ ಬೇಡಿಕೊಳ್ಳಿ.

ನಿಮ್ಮ
ಬಾಯಿಬಡುಕಿ

ತಾ.ಕ.: ಅಮ್ಮ ಹೋದ ದಿನದ ಮಾತು. ಅವಳು ಮದುವೆಯಾದ ಮೇಲೆ ನಮ್ಮ ಸಭೆಗೆ ಸೇರಿದವಳಲ್ಲವೇ. ಕೊನೆಗಳಿಗೆಯಲ್ಲಿ ತುಟಿ ಅಲ್ಲಾಡಿಸಿ, ತವರಿನ ದೇವರಿಗೆ ಹೇಳುವಂಥದ್ದೇನೋ ಶುರುಮಾಡಿದಳು. ಹಾಡಿ, ಜೋರಾಗಿ ಹಾಡಿ ಎಂದಿರಿ ನೀವು. ಅವಳ ದನಿ ನಿಲ್ಲುವವರೆಗೂ ನಾವು ಮಕ್ಕಳೆಲ್ಲ ಸಭೆಯ ಹಾಡು ಹಾಡಿದೆವು. ದೂರುತ್ತಿಲ್ಲ; ನಿಮಗೂ ಹೆದರಿಕೆಯಾಗಿದ್ದಿರಬೇಕು. ಆದರೆ ಅವಳ ತಲೆ ಇದ್ದದ್ದು ನಿಮ್ಮ ತೊಡೆಯ ಮೇಲೆ, ನಮಗೆ ಕೇಳಿಸದ್ದು ನಿಮಗೆ ಕೇಳಿಸಿರುತ್ತದೆ. ಅಮ್ಮ ಏನು ಹೇಳುತ್ತಿದ್ದಳು ಅಪ್ಪ? ನೆನಪಿದ್ದಷ್ಟನ್ನು ಬರೆದು ಕಳಿಸಿ.